ಪರದೆಯ ಈಚೆ ಕೂತವರು



ಮುಕ್ತ ತಂತ್ರಾಂಶದ ಗುಣಗಾನವನ್ನು ಉದ್ಘಾಟಕರು ಆಗಲೇ ಚೆನ್ನಾಗಿ ಮಾಡಿದ್ದಾರೆ. ಹಾಗಾಗಿ ನನಗೆ ನಮ್ಮದೇ ಹುಳುಕಿನ ಬಗ್ಗೆ ಮಾತಾಡಲು ಸಮಯ ಸಿಕ್ಕಿದೆ. ದುಡ್ಡು ಕೊಡಬೇಕಿಲ್ಲ, ವೈರಸ್ ಕಾಟ ಕಡಿಮೆ. ಆದರೂ ಹೊಸಬರು ನಮ್ಮ ಡೆಸ್ಕ್‌ಟಾಪ್ ಮುಂದೆ ಕೂತು ತಬ್ಬಿಬ್ಬಾಗುವುದು ಯಾಕೆ?

ಪ್ರಶ್ನೆ ಹಳೆಯದು. ಯೂನಿಕ್ಸ್‌ನಲ್ಲಿ ಒಂದೊಂದು ಪ್ರೋಗ್ರಾಮ್ ಒಂದೊಂದು ಥರ ಕಾಣುತ್ತದೆ, ಸಾಮಾನ್ಯರಿಗೆ ಒಗ್ಗುವುದಿಲ್ಲ ಎಂಬ ಅಸಮಾಧಾನದಿಂದಲೇ 1996ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಓದುತ್ತಿದ್ದ ಮಥಿಯಾಸ್ ಎಟ್ರಿಕ್ ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆ ಶುರುಮಾಡಿದರು. ಮರುವರ್ಷ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಯೋಜನೆ ಶುರುವಾಯಿತು. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಕೆಲವರನ್ನು ಗ್ನೋಮ್ 1.4ರ ಮುಂದೆ ಕೂರಿಸಿ, ಕೆಲಸ ಕೊಟ್ಟು, ಎಲ್ಲೆಲ್ಲಿ ತಡವರಿಸುತ್ತಾರೆಂದು ಗಮನಿಸಿ ವರದಿ ಬರೆಯಿತು. ಮುಂದಿನ ವರ್ಷ ಬಂದ ಗ್ನೋಮ್ 2ರ ಕಾಲಕ್ಕೆ ವಿನ್ಯಾಸದ ನಿಯಮಾವಳಿಯೂ ಸಿದ್ಧವಾಗಿತ್ತು. ಬಟನ್ ಮೇಲೆ ‘ಹೌದು’, ‘ಇಲ್ಲ’ ಎಂದು ಹಾಕಬೇಡಿ, ‘ಉಳಿಸು’, ‘ಉಳಿಸದೆ ಮುಚ್ಚು’ ಎಂದು ಆಗುವ ಕೆಲಸವನ್ನೇ ಬರೆಯಿರಿ ಎಂದಿತು ಅದು. ಚಿಕ್ಕ ಸೂಚನೆ. ಎಷ್ಟು ಜನರ ಕಡತ ಉಳಿಸಿದೆಯೋ!

ಆಗಲೇ ಹ್ಯಾವಕ್ ಪೆನಿಂಗ್ಟನ್ ಎಂಬ ಡೆವಲಪರ್ ನಮ್ಮ ಇನ್ನೊಂದು ಚಟವನ್ನು ಎತ್ತಿ ಆಡಿದರು. ನಮ್ಮಲ್ಲಿ ಇಬ್ಬರು ಜಗಳಾಡಿದರೆ ತೀರ್ಪು ಕೊಡುವವರಿಲ್ಲ. ಇಬ್ಬರ ಮಾತೂ ಉಳಿಯಲಿ ಎಂದು ಒಂದು ಸೆಟ್ಟಿಂಗ್ ಸೇರಿಸಿ ಕೈತೊಳೆದುಕೊಳ್ಳುತ್ತೇವೆ. ಪ್ರತಿಯೊಂದು ಆಯ್ಕೆಗೂ ಬೆಲೆ ತೆರಬೇಕು, ಪರೀಕ್ಷಿಸುವ ಕೆಲಸ ಬೆಳೆಯುತ್ತದೆ ಎಂದರು ಅವರು. ನನ್ನದು ಅರ್ಧ ಒಪ್ಪಿಗೆ.

ಇನ್ನರ್ಧ ಯಾಕಿಲ್ಲ ಎಂದರೆ ಗ್ನೋಮ್ 3. ಅದು ಹೊರಬಂದದ್ದು 2011ರ ಏಪ್ರಿಲ್‌ನಲ್ಲಿ. ಸರಳಗೊಳಿಸುವ ಭರದಲ್ಲಿ ಕಿಟಕಿಯನ್ನು ಕೆಳಗಿಳಿಸುವ ಬಟನ್ ತೆಗೆದರು. ಕಂಪ್ಯೂಟರ್ ಆರಿಸುವ ಆಯ್ಕೆ ಕಾಣಬೇಕಾದರೆ ಮೆನು ತೆರೆದು ಆಲ್ಟ್ ಕೀಲಿ ಒತ್ತಿ ಹಿಡಿಯಬೇಕಿತ್ತು! ಲ್ಯಾಪ್‌ಟಾಪ್ ಮಡಚಿಟ್ಟು ಹೋಗುವವರಿಗೆ ಅದು ನಡೆದೀತು. ಕರೆಂಟ್ ಹೋಗಿ ಯುಪಿಎಸ್ ಕೂಗಿಕೊಳ್ಳುವಾಗ ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಆರಿಸಬೇಕಾದ ನಮ್ಮ ಮೇಷ್ಟರು ಏನು ಮಾಡಬೇಕು? 2012ರ 3.6 ಆವೃತ್ತಿಯಲ್ಲಿ ಆ ಆಯ್ಕೆ ಮತ್ತೆ ಕಣ್ಣಿಗೆ ಬೀಳುವಂತಾಯಿತು. ಅಷ್ಟರಲ್ಲಿ ಮುನಿಸಿಕೊಂಡವರು ಮಾಟೆ, ಸಿನಮನ್ ಎಂಬ ಡೆಸ್ಕ್‌ಟಾಪ್‌ಗಳನ್ನು ಕಟ್ಟಿಕೊಂಡು ಬೇರೆ ಮನೆ ಹೂಡಿಯಾಗಿತ್ತು. ಆಯ್ಕೆ ತುಂಬುವುದೂ ತಪ್ಪು, ಯಾರ ಕೆಲಸ ಹೇಗೆ ನಡೆಯುತ್ತದೆಂದು ನೋಡದೆ ಕೀಳುವುದೂ ತಪ್ಪು.

ಕನ್ನಡದವರ ಪಾಡು ಇನ್ನೂ ಒಂದು ಹೆಜ್ಜೆ ಮುಂದೆ. ಅಕ್ಷರ ಜೋಡಿಸುವ ಕೆಲಸವನ್ನು ಪ್ಯಾಂಗೊ, ಹಾರ್ಫ್‌ಬಜ್ ಎಂಬ ತಂತ್ರಾಂಶಗಳು ಇಂದು ಚೆನ್ನಾಗಿ ಮಾಡುತ್ತವೆ. ಆದರೆ ಬಟನ್ನಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿದರೆ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. ಮೆನುವಿನ ಕನ್ನಡ ಪದದ ಪಕ್ಕ ಒಂದು ಇಂಗ್ಲಿಷ್ ಅಕ್ಷರ ಆವರಣದಲ್ಲಿ ತೂಗಾಡುವುದನ್ನು ನೋಡಿದ್ದೀರಿ. ಅದು ಕೀಲಿಮಣೆಯ ಶಾರ್ಟ್‌ಕಟ್ ಎಂದು ನಮಗೆ ಗೊತ್ತು, ಓದುವವರಿಗೆ ಗೊತ್ತೆ? ಇವನ್ನೆಲ್ಲ ಬೋಸ್ಟನ್ನಿನಲ್ಲೋ ಬರ್ಲಿನ್ನಿನಲ್ಲೋ ಕೂತವರು ತಾವಾಗಿ ಕಾಣಲಾರರು. ನಾವು ಹೇಳಬೇಕು, ಸ್ಕ್ರೀನ್‌ಶಾಟ್ ಸಮೇತ ಹೇಳಬೇಕು.

ಕೋಡ್ ಬಾರದವರಿಗೆ ಇಲ್ಲೇನು ಕೆಲಸ ಎನ್ನಬೇಡಿ. 2014ರಲ್ಲಿ ಕೆಡಿಇ ಕಟ್ಟಿದ ವಿನ್ಯಾಸ ತಂಡ ಅಂಥವರಿಗೂ ಬಾಗಿಲು ತೆರೆಯಿತು. ಕೆಡಿಇಯ ಡೆಸ್ಕ್‌ಟಾಪ್ ಪ್ಲಾಸ್ಮಾ ಇಂದು ಕಾಣುವ ರೀತಿಯಲ್ಲಿ ಆ ತಂಡದ ಪಾಲು ದೊಡ್ಡದು.

ನನ್ನ ಕೋರಿಕೆ ಇಷ್ಟೆ. ನಾಳೆಯ ಕಾರ್ಯಾಗಾರಕ್ಕೆ ಬರುವಾಗ ಲಿನಕ್ಸ್ ಮುಟ್ಟದ ಒಬ್ಬರನ್ನು ಜೊತೆಗೆ ಕರೆತನ್ನಿ. ಅವರಿಗೆ ಕೆಲಸ ಕೊಟ್ಟು ಹಿಂದೆ ಕೂತು ಬರೆದುಕೊಳ್ಳಿ. ಅವರು ಎಷ್ಟೇ ಪರದಾಡಲಿ, ದಯವಿಟ್ಟು ಮೌಸ್ ಕಿತ್ತುಕೊಳ್ಳಬೇಡಿ.