ಇತಿಹಾಸ ಓದಿ ನಾವು ಪಡೆದುದೇನು?

(ಕಾಲೇಜಿನ ಬೀಳ್ಕೊಡುಗೆ ಸಮಾರಂಭದಲ್ಲಿ ಅಂತಿಮ ಬಿ.ಎ. ಇತಿಹಾಸ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಇಂಜಿನಿಯರಿಂಗ್ ಅಲ್ಲ, ಬಿ.ಕಾಂ. ಕೂಡ ಅಲ್ಲ, ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡಾಗ ನಮಗೆ ಎದುರಾದ ಪ್ರಶ್ನೆ ಒಂದೇ: "ಅದನ್ನು ಓದಿ ಏನು ಮಾಡುತ್ತೀರಿ?" ಸಾಲ ಮಾಡಿ ಶುಲ್ಕ ಕಟ್ಟುವ ತಂದೆಗೆ ಹೀಗೆ ಕೇಳುವ ಹಕ್ಕಿದೆ. ಉದ್ಯೋಗದ ಮಟ್ಟಿಗೆ ಉತ್ತರ ಚಿಕ್ಕದು. ಬಿ.ಎಡ್., ಕಾನೂನು, ಪತ್ರಿಕೋದ್ಯಮ, ಸ್ಪರ್ಧಾತ್ಮಕ ಪರೀಕ್ಷೆ, ಹೀಗೆ ದಾರಿಗಳಿವೆ. ಆದರೆ ಈ ಮೂರು ವರ್ಷಗಳಲ್ಲಿ ನಮಗೆ ದೊರೆತುದು ಅಷ್ಟೇ ಅಲ್ಲ.

2015ರಲ್ಲಿ ಸರಕಾರ ಟಿಪ್ಪು ಜಯಂತಿಯನ್ನು ಆರಂಭಿಸಿದಾಗಲೂ 2019ರಲ್ಲಿ ಅದನ್ನು ಕೈಬಿಟ್ಟಾಗಲೂ ನಾವು ಶಾಲಾ ಮಕ್ಕಳು. ಆ ಜಗಳವನ್ನು ಕೇಳುತ್ತಲೇ ಬೆಳೆದ ನಾವು ಉತ್ತರ ಕೊಡಲು ಅಸ್ತ್ರ ಬೇಕೆಂದೇ ಇತಿಹಾಸದ ತರಗತಿಗೆ ಬಂದೆವು. ಅಸ್ತ್ರ ಸಿಕ್ಕಿತು. 1791ರಲ್ಲಿ ಮರಾಠಾ ಸೇನೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು, ಪುನಃಪ್ರತಿಷ್ಠೆಗೆ ಕಳುಹಿಸಿದ ನೆರವು! ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಈ ಪತ್ರಗಳನ್ನು ಬೆಳಕಿಗೆ ತಂದರು. ನಾವು ಹಿಗ್ಗಿದೆವು.

ಮರುವಾರ ಗುರುಗಳು 1784ನ್ನು ಮುಂದಿಟ್ಟರು. ಅದು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ವರ್ಷ. ಅವರು ಆಂಗ್ಲರಿಗೆ ನೆರವಾದರೆಂಬ ಆರೋಪವಿತ್ತು, ನಿಜ. ಆದರೆ ದಾರಿಯಲ್ಲಿ ಮಡಿದ ಹೆಂಗಸರು, ಮಕ್ಕಳು ಯಾರಿಗೆ ನೆರವಾಗಿದ್ದರು? ನಮ್ಮದೇ ಬೆಂಚಿನಲ್ಲಿ ಕುಳಿತಿದ್ದ ಕ್ರೈಸ್ತ ಸಹಪಾಠಿಯೊಬ್ಬರು ತಮ್ಮ ಮನೆಯಲ್ಲಿ ಅಜ್ಜಿಯರಿಂದ ಅಜ್ಜಿಯರಿಗೆ ಹರಿದುಬಂದ ಆ ನೆನಪನ್ನು ಮೆಲುದನಿಯಲ್ಲಿ ಹೇಳಿದರು. ಅಂದು ಯಾರೂ ಶೃಂಗೇರಿಯ ಪತ್ರಗಳನ್ನು ಅಡ್ಡ ಹಿಡಿಯಲಿಲ್ಲ. ನಾವು ಬೆಳೆದದ್ದು ಆ ದಿನ ಎಂದು ನಮಗನಿಸುತ್ತದೆ.

1784ನ್ನು ಮಾತ್ರ ಹೇಳಿ 1791ನ್ನು ನುಂಗುವ ರಾಜಕಾರಣ ಇಂದು ಬಲವಾಗಿದೆ. ಅದಕ್ಕೆ ಉತ್ತರವಾಗಿ 1791ನ್ನು ಹೇಳಿ 1784ನ್ನು ಬಚ್ಚಿಡುವುದು ನಮಗೆ ಒಪ್ಪುವ ದಾರಿಯಲ್ಲ. ಸ್ವತಃ ತಮಗೂ ತಮ್ಮ ಹೆತ್ತವರಿಗೂ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ಹೇಳಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ಆದೇಶಿಸುತ್ತದೆ. ಅರಸರಿಗೆ ಅದರಿಂದ ವಿನಾಯಿತಿ ಇದೆಯೇ?

ಈ ಶಿಸ್ತು ನಮಗೆ ಪರಕೀಯವೂ ಅಲ್ಲ. ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನು ಖಲ್ದೂನ್ 1377ರಲ್ಲಿ 'ಮುಕದ್ದಿಮ'ವನ್ನು ಬರೆದರು. ಪ್ರವಾದಿ ಮೂಸಾ(ಅ)ರ ಜೊತೆ ಆರು ಲಕ್ಷ ಯೋಧರಿದ್ದರೆಂಬ ಹಳೆಯ ವರದಿಯನ್ನು ಅವರು ಹಾಗೆಯೇ ಒಪ್ಪಲಿಲ್ಲ. ಅಷ್ಟು ದೊಡ್ಡ ಸೇನೆಯನ್ನು ಸಾಕುವ ಶಕ್ತಿ ಆ ನಾಡುಗಳಿಗಿತ್ತೇ, ಅಷ್ಟು ಜನ ಸಾಲುಗಟ್ಟಿ ಕಾದಾಡಬಲ್ಲರೇ ಎಂದು ಲೆಕ್ಕ ಹಾಕಿದರು. ಮುನ್ನೂರು ಮಂದಿಗೆ ವಾಟ್ಸಾಪ್ ಸಂದೇಶ ರವಾನಿಸುವ ನಮ್ಮ ಹಿರಿಯರು ಇದನ್ನು ಕೇಳಿ ಬೇಸರಿಸಬಾರದು.

ಇನ್ನು ಒಂದು ವಿನಂತಿ. ನಮ್ಮಲ್ಲಿ ಕೆಲವರು ಪಾರ್ಸಿಯನ್ನೂ ಮೋಡಿ ಲಿಪಿಯನ್ನೂ ಕಲಿಯಲು ಹೊರಟಿದ್ದಾರೆ. ನಮ್ಮ ಪಟ್ಟಣಗಳ ಹಳೆಯ ಮಸೀದಿಗಳ ಕಪಾಟುಗಳಲ್ಲಿ ವಕ್ಫ್ ಪತ್ರಗಳು, ನಿಕಾಹ್ ದಫ್ತರಗಳು, ಜಮಾಅತಿನ ಲೆಕ್ಕದ ಪುಸ್ತಕಗಳು ಇದ್ದರೆ ಗೆದ್ದಲು ಹಿಡಿಯುವ ಮೊದಲು ಅವುಗಳ ಪಟ್ಟಿಯಾಗಬೇಕು. ಇಲ್ಲಿ ಉಪಸ್ಥಿತರಿರುವ ಜಮಾಅತ್ ಅಧ್ಯಕ್ಷರು ರಜೆಯ ಎರಡು ತಿಂಗಳು ಆ ಕಪಾಟುಗಳ ಬೀಗದ ಕೈಯನ್ನು ನಮಗೆ ಕೊಡಿಸಬೇಕು.