ಅಂಗೈಗೆ ಹೊಂದುವ ಹಿಡಿ
(ಶತಮಾನೋತ್ಸವದ ಕ್ರೀಡಾಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕ್ರೀಡೆಯ ಕುರಿತು ಮಾತನಾಡಬೇಕೆಂದು ಸಮಿತಿಯವರು ಕೇಳಿದಾಗ ಕಬಡ್ಡಿಯನ್ನೋ ಖೋ ಖೋವನ್ನೋ ನಿರೀಕ್ಷಿಸಿದ್ದಿರಬಹುದು. ಕನ್ನಡ ಎಂ.ಎ. ಮಾಡಿದವಳಿಗೆ ಪಿಸ್ತೂಲಿನ ಉಸಾಬರಿ ಏಕೆಂದು ನಿಮಗೆ ಅನಿಸೀತು. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಇಂದು ನಿಮ್ಮೆದುರು ಹೇಳಿಬಿಡುತ್ತೇನೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದುದು ಮಕ್ಕಳಿಗೆಲ್ಲ ಗೊತ್ತು. ಅಲ್ಲಿಯೇ ಮಿಶ್ರ ತಂಡದಲ್ಲಿ ಬೆಳ್ಳಿ ಗೆದ್ದ ತುರ್ಕಿಯ ಯೂಸುಫ್ ಡಿಕೆಚ್ ಒಂದು ಕೈಯನ್ನು ಜೇಬಿನಲ್ಲಿಟ್ಟು ಗುರಿಹಿಡಿದ ಚಿತ್ರ ಎಲ್ಲರ ಫೋನಿಗೂ ಬಂದಿತ್ತು. ಸಲಕರಣೆಯೇ ಇಲ್ಲದೆ ಗೆದ್ದರೆಂದು ಜನ ಕೊಂಡಾಡಿದರು. ಕಣ್ಣಿಗೆ ವಿಶೇಷ ಗಾಜು ಇರಲಿಲ್ಲ, ನಿಜ. ಆದರೆ ಪಿಸ್ತೂಲಿನ ಮಟ್ಟಿಗೆ ಅವರಿಗೂ ಭಾಕರ್‌ಗೂ ನಿಯಮ ಒಂದೇ. ಏರ್ ಪಿಸ್ತೂಲು 1500 ಗ್ರಾಂ ಮೀರಬಾರದು, 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲದ ಪೆಟ್ಟಿಗೆಯೊಳಗೆ ಇಡಿಯಾಗಿ ಕೂರಬೇಕು. ನಳಿಕೆಯನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಟ್ರಿಗರ್‌ಗೆ 500 ಗ್ರಾಂ ತೂಕ ತೂಗಿಸಿ ಎತ್ತಿದಾಗ ಅದು ಸಿಡಿಯದೆ ತೂಕವನ್ನು ಹೊರಬೇಕು. ಇದಕ್ಕೆ ಮೂರೇ ಅವಕಾಶ. ಸ್ಪರ್ಧೆ ಮುಗಿದ ಮೇಲೂ ಕೆಲವರನ್ನು ಕರೆದು ತೂಗುತ್ತಾರೆ. ಆಗ ಸೋತರೆ ಅನರ್ಹತೆ.

ವಿಭಾಗ ಬದಲಾದರೆ ಅಳತೆಯೂ ಬೇರೆ. 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಗೆ 2004ರ ತನಕ .22 ಶಾರ್ಟ್ ಗುಂಡಿನ ವಿಶೇಷ ಪಿಸ್ತೂಲುಗಳಿದ್ದವು. ಟ್ರಿಗರ್ ಬಲು ಹಗುರ. 2005ರಿಂದ .22 ಲಾಂಗ್ ರೈಫಲ್ ಗುಂಡು, 1000 ಗ್ರಾಂ ಟ್ರಿಗರ್ ಎಂದಾಯಿತು. ವರ್ಷಗಟ್ಟಲೆ ಕೈಗೆ ಪಳಗಿದ್ದ ಆಯುಧಗಳು ಪೆಟ್ಟಿಗೆ ಸೇರಿದವು. ಪ್ರಾಕ್ಟಿಕಲ್ ಶೂಟಿಂಗ್ ಎಂಬ ಇನ್ನೊಂದು ಆಟದ 'ಓಪನ್' ವಿಭಾಗದಲ್ಲಿ ಬಹುಪಾಲು ಮಾರ್ಪಾಡಿಗೆ ಅವಕಾಶವುಂಟು, 'ಪ್ರೊಡಕ್ಷನ್' ವಿಭಾಗದಲ್ಲಿ ಮಾರ್ಪಾಡಿಗೆ ಅವಕಾಶ ಬಹಳ ಸೀಮಿತ. ಅದು ಇಲ್ಲಿ ಬೇಡ.

ನನ್ನ ತಪ್ಪು ನಡೆದದ್ದು ಹಿಡಿಯ ವಿಷಯದಲ್ಲಿ. ಏರ್ ಪಿಸ್ತೂಲಿನ ಮರದ ಹಿಡಿಯನ್ನು ಅರದಿಂದ ಉಜ್ಜಿ, ಪುಟ್ಟಿ ತುಂಬಿ, ಅವರವರ ಅಂಗೈಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಆದರೆ ಅದು ಕೈಯನ್ನು ಸುತ್ತುವರಿಯಬಾರದು, ಮಣಿಕಟ್ಟಿಗೆ ಆಸರೆಯಾಗಬಾರದು, ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಏಳಬೇಕು. ಅಂಗೈಯ ಬುಡ ಊರುವ ಚಾಚು ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇರಕೂಡದು. ಅಂದರೆ ಅದು ಮೇಲಕ್ಕೆ ಬಾಗಿ ಕೈಯನ್ನು ಕಚ್ಚಿ ಹಿಡಿಯುವಂತಿಲ್ಲ.

ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಪಿಸ್ತೂಲೊಂದನ್ನು ಕೊಂಡಳು. ಹಿಡಿ ಯಾರದೋ ದೊಡ್ಡ ಕೈಗೆ ಮಾಡಿದ್ದು. ನಿಯಮಗಳಿದ್ದುದು ಇಂಗ್ಲಿಷಿನಲ್ಲಿ. ಕಾಸರಗೋಡಿನ ನಮ್ಮ ಮಕ್ಕಳಿಗೆ ಇದು ಹೊಸತೇನಲ್ಲ. ಸುತ್ತೋಲೆಯಿಂದ ಅರ್ಜಿಯವರೆಗೆ ಎಷ್ಟೋ ಕಾಗದಗಳು ಅವರನ್ನು ಅನ್ಯಭಾಷೆಯಲ್ಲೇ ಎದುರುಗೊಳ್ಳುತ್ತವೆ. "ಟೀಚರ್, ಕನ್ನಡದಲ್ಲಿ ಬರೆದು ಕೊಡುವಿರಾ?" ಎಂದಳು. ಹೆಮ್ಮೆಯಿಂದಲೇ ನೋಟುಪುಸ್ತಕದಲ್ಲಿ ಬರೆದುಕೊಟ್ಟೆ. 'ನಾಟ್ ಲೆಸ್ ದ್ಯಾನ್' ಎಂಬಲ್ಲಿ ಅವಸರದಲ್ಲಿ "90 ಡಿಗ್ರಿ ಮೀರಬಾರದು" ಎಂದು ಬರೆದಿದ್ದೆ.

ಊರಿನ ಆಚಾರಿಯವರು ನನ್ನ ಬರಹವನ್ನು ನಂಬಿ ಚಾಚನ್ನು ತುಸು ಮೇಲಕ್ಕೆತ್ತಿ ಕೂರಿಸಿದರು. ಕೈ ಎಷ್ಟು ಭದ್ರವಾಗಿ ಕೂತಿತೆಂದರೆ, ಹುಡುಗಿ ಒಂದು ತಿಂಗಳು ಸಂತೋಷದಿಂದ ಅಭ್ಯಾಸ ಮಾಡಿದಳು. ಆ ಭದ್ರತೆಯೇ ನಿಷಿದ್ಧವಾದದ್ದು. ಸ್ಪರ್ಧೆಯ ಬೆಳಿಗ್ಗೆ ಸಲಕರಣೆ ತಪಾಸಣೆಯಲ್ಲಿ ಪಿಸ್ತೂಲು ತಿರಸ್ಕೃತವಾಯಿತು. ವರಾಂಡದಲ್ಲಿ ಕುಳಿತು ಮರಳುಕಾಗದದಿಂದ ಉಜ್ಜಿ, ಮತ್ತೆ ತೋರಿಸಿ ಒಪ್ಪಿಗೆಯ ಸ್ಟಿಕ್ಕರ್ ಪಡೆದಳು. ಆದರೆ ಅಂಗೈಗೆ ಆ ಹಿಡಿಯ ಪರಿಚಯವೇ ಇರಲಿಲ್ಲ. ಅಂತಿಮ ಸುತ್ತಿಗೆ ಅವಳು ಬರಲಿಲ್ಲ.

ಊರಿಗೆ ಬಂದವಳು ನೇರ ನನ್ನ ಮನೆಗೆ ಬಂದಳು. ತಪ್ಪು ನನ್ನದೆಂದೆ. ಅವಳು ಒಂದು ಮಾತೂ ಆಡದೆ ನೋಟುಪುಸ್ತಕ ತೆಗೆದು ಆ ಸಾಲನ್ನು ಹೊಡೆದುಹಾಕಿ, "90 ಡಿಗ್ರಿ ಅಥವಾ ಹೆಚ್ಚು" ಎಂದು ಬರೆದಳು. ನನ್ನ ವಾಕ್ಯಕ್ಕಿಂತ ಅದು ಒಳ್ಳೆಯ ಕನ್ನಡವೂ ಹೌದು.

ಆ ಪುಸ್ತಕ ಈಗ ನಮ್ಮ ಶಾಲೆಯ ಗ್ರಂಥಾಲಯದಲ್ಲಿದೆ. ತಿದ್ದಿದ ಸಾಲಿನ ಪಕ್ಕದಲ್ಲಿ ಆಚಾರಿಯವರು ಪೆನ್ಸಿಲಿನಲ್ಲಿ ಕೋನದ ಚಿತ್ರ ಬರೆದಿದ್ದಾರೆ. ನಿಯಮಗಳು ಬದಲಾಗುತ್ತಿರುತ್ತವೆಯಾದ್ದರಿಂದ ಕೊನೆಯಲ್ಲಿ ಹತ್ತಿಪ್ಪತ್ತು ಖಾಲಿ ಹಾಳೆ ಬಿಟ್ಟಿದ್ದೇನೆ.