ಮುಟ್ಟಿ ನೋಡುವ ನಕ್ಷೆ



ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಗಡಿಯಾರದ ಮುಂದೆ ನಾವೆಲ್ಲ ನಿಂತವರೇ. ಬೊಂಬೆ ಹೊರಬಂದು ಗಂಟೆ ಬಾರಿಸುತ್ತದೆ, ನೋಡಿ ಬರುತ್ತೇವೆ. ಮುಟ್ಟುವ ಹಾಗಿಲ್ಲ. ನಮ್ಮ ವಾರ್ಷಿಕೋತ್ಸವಕ್ಕೆ ಮುಟ್ಟುವಂಥ ಪ್ರದರ್ಶನವೊಂದನ್ನು ಮಾಡಹೊರಟಿದ್ದೇವೆ. ಬೆಂಗಳೂರಿನ ಪೀಣ್ಯ ಮೆಟ್ರೋ ನಿಲ್ದಾಣದಲ್ಲಿ ಕಲಾಶಾಲೆಯ ವಿದ್ಯಾರ್ಥಿಗಳು ಪ್ರಯಾಣಿಕರ ನಡುವೆಯೇ ಇಂಥ ಕೆಲಸ ಮಾಡಿದ್ದಾರೆ.

ನಮಗೆ ಬೇಕಾದ್ದು ನಕ್ಷೆ, ಮೊಳೆ, ದಾರದ ಉಂಡೆ. ಬಂದವರು ತಮ್ಮ ಊರಿನಿಂದ ಕಾಚಿಗುಡ ಸ್ಟೇಷನ್ನಿಗೆ ದಾರ ಕಟ್ಟಬೇಕು. ಆ ಸ್ಟೇಷನ್ನು 1916ರದು. ಬೀದರ್, ಕಲಬುರಗಿ, ರಾಯಚೂರುಗಳು 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿಂದ ಬಂದ ಹಿರಿಯರು ಆಗ ಪರರಾಜ್ಯಕ್ಕೆ ಬಂದವರಲ್ಲ. ಆದ್ದರಿಂದ ಗಡಿಗೆರೆಯನ್ನು ಪೆನ್ಸಿಲಿನಲ್ಲಿ ಎಳೆದರೆ ಸಾಕೆಂದು ನನ್ನ ಮತ.

ಈ ವರ್ಷ ಊರಿಗೆ ಹೋಗಿಬಂದವರಿಗೆ ಹಸಿರು ದಾರ, ಹೋಗಲಾಗದವರಿಗೆ ಕೆಂಪು. ಮೊನ್ನೆ ನಮ್ಮ ಕೋಣೆಯಲ್ಲೇ ಕಟ್ಟಿ ನೋಡಿದೆವು. ಒಂಬತ್ತು ಜನರಲ್ಲಿ ಏಳು ಮಂದಿ ಕೆಂಪು ಹಿಡಿದರು. ಲೋಟ ತೊಳೆಯುವ ಹುಡುಗ ಹಸಿರು ಕಟ್ಟಿ, ಸ್ವಲ್ಪ ಹೊತ್ತು ನಿಂತು, ಬಿಚ್ಚಿ ಕೆಂಪು ಕಟ್ಟಿದ. ನನ್ನದೂ ಕೆಂಪೇ. ರೈಲಿದೆ, 2017ರಿಂದ ಮೆಟ್ರೋ ಇದೆ, ಕೈಯಲ್ಲಿ ಫೋನಿದೆ. ನಾಲ್ಕು ದಿನದ ರಜೆ ಮಾತ್ರ ಇಲ್ಲ.

ಮಾಲೀಕರನ್ನೂ ಕರೆದಿದ್ದೇವೆ. ಅವರ ಕೈಗೂ ದಾರ ಕೊಡೋಣ. ಕೆಂಪು ಉಂಡೆ ಇನ್ನೆರಡು ಬೇಕು. ಯಾರು ತರುತ್ತೀರಿ, ಹೇಳಿ.